ದೂರದ ದಾರಿಗೆ ಹೊರಡುವ ಗಾಡಿಗೆ ರಿಮ್ ಎಷ್ಟು, ಟೈರ್ ಎಷ್ಟು?

ಈ ನಾಲ್ಕು ಅಳತೆಗಳನ್ನು ನೋಡಿ: 265/50ಆರ್20, 265/60ಆರ್18, 265/65ಆರ್17, 245/75ಆರ್16. ಟೈರಿನ ಒಟ್ಟು ಎತ್ತರ ನಾಲ್ಕರದ್ದೂ ಹೆಚ್ಚುಕಡಿಮೆ ಒಂದೇ, 775 ಮಿ.ಮೀ. ಆಸುಪಾಸು. ಬದಲಾಗುವುದು ಪಕ್ಕೆ, ಅಂದರೆ ಸೈಡ್‌ವಾಲ್. 20 ಇಂಚಿನ ರಿಮ್ ಮೇಲೆ ಅದು ಸುಮಾರು 132 ಮಿ.ಮೀ., 18ರ ಮೇಲೆ 159, 17ರ ಮೇಲೆ 172, 16ರ ಮೇಲೆ 184. ಲೆಕ್ಕ ಸುಲಭ: ಮೊದಲ ಸಂಖ್ಯೆ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆ ಎಂಬುದು, ಕೊನೆಯದು ರಿಮ್ಮಿನ ಇಂಚು.

ಟಾರು ಮುಗಿದ ಮೇಲೆ ಗಾಡಿಯನ್ನು ಕಾಯುವುದು ಈ ಪಕ್ಕೆಯೇ. ಕಲ್ಲಿಗೂ ರಿಮ್ಮಿಗೂ ನಡುವೆ ಇರುವ ಗಾಳಿಯ ದಿಂಬು ಅದು. ಗಾಳಿ ಇಳಿಸಿದಾಗ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳಬೇಕಾದರೂ ಪಕ್ಕೆಗೆ ಬಾಗಲು ಜಾಗ ಬೇಕು. 20 ಇಂಚಿನ ರಿಮ್ ಇಟ್ಟುಕೊಂಡು ಗಾಳಿಯ ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿ ಕಲ್ಲುದಾರಿಗೆ ಬಿಟ್ಟರೆ, ರಿಮ್ಮಿನ ತುಟಿ ಕಲ್ಲಿಗೆ ಬಡಿದು ನಡುವೆ ಸಿಕ್ಕ ಪಕ್ಕೆ ಎರಡು ಕಡೆ ಸೀಳುತ್ತದೆ. ಆ ಸೀಳಿಗೆ ದಾರಿಯಲ್ಲಿ ಪ್ಲಗ್ ಹಾಕಿ ನಂಬುವಂತಿಲ್ಲ.

ಆದ್ದರಿಂದ ಬ್ರೇಕಿಗೆ ತಗಲದಂತೆ ಎಷ್ಟು ಚಿಕ್ಕ ರಿಮ್ ಹಾಕಬಹುದೋ ಅಷ್ಟು ಚಿಕ್ಕದನ್ನು ಆರಿಸಿ. ಅದೇ ಮಾಡೆಲ್‌ನ ಕೆಳಗಿನ ವೇರಿಯಂಟ್‌ಗೆ ಕಂಪನಿ 16 ಅಥವಾ 17 ಇಂಚು ಕೊಟ್ಟಿದ್ದರೆ ಅದೊಂದು ಸುಳಿವು. ಆದರೆ ಮೇಲಿನ ವೇರಿಯಂಟ್‌ಗೆ ಮುಂದಿನ ಬ್ರೇಕ್ ದೊಡ್ಡದಿರಬಹುದು, ರಿಮ್ ಹಾಕಿ ಕೈಯಲ್ಲಿ ತಿರುಗಿಸಿ ನೋಡದೆ ಕೊಳ್ಳಬೇಡಿ. ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಸುತ್ತ 3 ಮಿ.ಮೀ. ಆದರೂ ಖಾಲಿ ಇರಬೇಕು. ಜಲ್ಲಿದಾರಿಯಲ್ಲಿ ಅಷ್ಟೂ ಸಾಲದು: ಸಣ್ಣ ಕಲ್ಲೊಂದು ಕ್ಯಾಲಿಪರ್‌ಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡರೆ ರಿಮ್ಮಿನ ಒಳಮೈಯಲ್ಲಿ ಸುತ್ತ ಗೀರು ಕೊರೆಯುತ್ತದೆ.

ನಟ್ಟಿನ ತೂತುಗಳು ಹೊಂದಿದರೆ ರಿಮ್ ಹೊಂದಿತು ಎಂದಲ್ಲ. 6×139.7 (139.7 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ತೂತು) ಎಂಬ ಅಳತೆ ಹಲವು ಕಂಪನಿಗಳ ಗಾಡಿಗಳಲ್ಲಿದೆ. ನಡುವಿನ ತೂತು ಮಾತ್ರ ಟೊಯೋಟಾ ಹೈಲಕ್ಸ್‌ನಲ್ಲಿ 106 ಮಿ.ಮೀ., ಮಿತ್ಸುಬಿಷಿ ಪಜೆರೋದಲ್ಲಿ 67. ಪಜೆರೋ ರಿಮ್ ಹೈಲಕ್ಸ್ ಹಬ್‌ನ (ಚಕ್ರ ಕೂರುವ ನಡುಭಾಗದ) ಮೇಲೆ ಕೂರುವುದೇ ಇಲ್ಲ. ಹೈಲಕ್ಸ್ ರಿಮ್ ಪಜೆರೋಗೆ ಹತ್ತಿದರೂ ನಡುವೆ ಆಧಾರವಿಲ್ಲದೆ ಭಾರವೆಲ್ಲ ನಟ್ ಬಿಗಿಯುವ ಸ್ಟಡ್‌ಗಳ ಮೇಲೆ ಬೀಳುತ್ತದೆ. ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ, ಕಂಪನಿ ಕೊಟ್ಟಿದ್ದಕ್ಕೆ ಹತ್ತಿರವಿರಲಿ. ಚಕ್ರ ಹೊರಕ್ಕೆ ಚಾಚಿದಷ್ಟೂ ಬೇರಿಂಗ್ ಬೇಗ ಸವೆಯುತ್ತದೆ, ಸ್ಟೀರಿಂಗ್ ಎಳೆಯುತ್ತದೆ, ಕಲ್ಲು ಸಿಡಿದು ಬಾಗಿಲ ಪೇಂಟ್ ಹಾಳಾಗುತ್ತದೆ.

ಅಗಲದ ಮೋಹ ಬಿಡುವುದು ಕಷ್ಟ, ಆದರೂ ಬಿಡಬೇಕು. ಭಾರ ಹೊತ್ತು ದೂರ ಹೋಗುವ ಗಾಡಿಗೆ 235/85ಆರ್16 ಬಹಳ ಒಳ್ಳೆಯ ಅಳತೆ. ಒಟ್ಟು ಎತ್ತರ ಸುಮಾರು 806 ಮಿ.ಮೀ., ಪಕ್ಕೆ 200. ಅದೇ ಎತ್ತರದ 265/75ಆರ್16ಕ್ಕಿಂತ 30 ಮಿ.ಮೀ. ಕಿರಿದಾದ್ದರಿಂದ ಮೇಲ್ಪದರದ ಕೆಸರನ್ನು ಸೀಳಿ ಕೆಳಗಿನ ಗಟ್ಟಿನೆಲ ಹಿಡಿಯುತ್ತದೆ, ಚಕ್ರದ ಗೂಡಿನಲ್ಲಿ ಮಣ್ಣು ಮೆತ್ತಿಕೊಳ್ಳಲು ಜಾಗವೂ ಉಳಿಯುತ್ತದೆ. ಮರಳಿನಲ್ಲಿ ಅಗಲವೇ ಬೇಕು ಎನ್ನುವವರು ಗಾಳಿ ಇಳಿಸಿದ ಟೈರ್ ನೆಲದ ಮೇಲೆ ಮೂಡಿಸುವ ಅಚ್ಚನ್ನು ಅಳೆದು ನೋಡಲಿ: ಅಡ್ಡಕ್ಕಿಂತ ಉದ್ದಕ್ಕೇ ಅದು ಹೆಚ್ಚು ಬೆಳೆದಿರುತ್ತದೆ. ಉದ್ದ ಅಚ್ಚು ಮರಳನ್ನು ಮುಂದಕ್ಕೆ ದೂಡದೆ ಅದರ ಮೇಲೆ ಹತ್ತುತ್ತದೆ. ಆಳ ತಳವಿಲ್ಲದ ಕೆಸರು, ಹಿಮ ಇವುಗಳಲ್ಲಿ ಮಾತ್ರ ತೇಲಿಸುವ ಅಗಲಕ್ಕೆ ಬೆಲೆಯಿದೆ.

ಎತ್ತರ ಹೆಚ್ಚಿಸುವುದಾದರೆ ಶೇ. 3ರ ಆಸುಪಾಸಿಗೆ ನಿಲ್ಲಿಸಿ. 265/65ಆರ್17 ತೆಗೆದು 265/70ಆರ್17 ಹಾಕಿದರೆ ಒಟ್ಟು ಎತ್ತರ 776ರಿಂದ 803ಕ್ಕೆ ಏರುತ್ತದೆ, ಆದರೆ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ ದಕ್ಕುವುದು ಅದರ ಅರ್ಧ, 13 ಮಿ.ಮೀ. ಮಾತ್ರ. ಸರಿಯಾಗಿದ್ದ ಓಡೋಮೀಟರ್ ಆಗ 1,000 ಕಿ.ಮೀ. ಓಡಿದ ಮೇಲೆ 967 ತೋರಿಸುತ್ತದೆ. ಮುಂದಿನ ಬಂಕ್‌ವರೆಗೆ ಡೀಸೆಲ್ ಸಾಕೇ ಎಂದು ಲೆಕ್ಕ ಹಾಕುವವರು ಇದನ್ನು ಮರೆಯುವಂತಿಲ್ಲ. ಶೇ. 10ರಷ್ಟು ಏರಿಸಿದರೆ ಗೇರ್‌ಗಳೆಲ್ಲ ಅಷ್ಟೇ ಉದ್ದವಾದಂತೆ: ಏರಿನಲ್ಲಿ ಎಳೆತ ಕುಗ್ಗುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆಯಾಗುತ್ತದೆ, ಬ್ರೇಕಿಗೂ ಹೆಚ್ಚು ಕೆಲಸ. ಡಿಫರೆನ್ಷಿಯಲ್ ಗೇರ್ ಬದಲಿಸದೆ ಅಲ್ಲಿಗೆ ಹೋಗಬೇಡಿ.

ಇಷ್ಟೆಲ್ಲ ಗುಣವಿದ್ದರೂ ಹೋಗುವ ಜಾಗದಲ್ಲಿ ಸಿಗದ ಅಳತೆಯಾದರೆ ಅದು ತಪ್ಪು ಆಯ್ಕೆ. ಆ ಪ್ರದೇಶದಲ್ಲಿ ದಿನನಿತ್ಯ ದುಡಿಯುವ ಪಿಕಪ್, ಆಂಬುಲೆನ್ಸ್, ಸಾಮಾನಿನ ಗಾಡಿಗಳ ಟೈರ್ ಮೇಲೆ ಏನು ಬರೆದಿದೆಯೋ ಅದನ್ನು ಮೊದಲು ತಿಳಿದುಕೊಳ್ಳಿ. 7.50ಆರ್16 (ಅಗಲವನ್ನು ಇಂಚಿನಲ್ಲಿ ಬರೆಯುವ ಹಳೆಯ ಅಳತೆ) ಕಂಡರೆ ಸಂತೋಷಪಡಿ. ಅದರ ಎತ್ತರ 235/85ಆರ್16ಕ್ಕೆ ತೀರಾ ಹತ್ತಿರ, ಕಷ್ಟಕಾಲಕ್ಕೆ ಒಂದೇ ಆಕ್ಸಲ್‌ಗೆ ಜೋಡಿಯಾಗಿ ಹಾಕಿ ಮೆಲ್ಲಗೆ ಊರು ಮುಟ್ಟಬಹುದು. ಒಂದು ಎಚ್ಚರಿಕೆ: 7.50 ಟೈರ್ ಕೆಲವೆಡೆ ಲಾಕ್ ರಿಂಗ್ ಇರುವ ಬಿಚ್ಚು ರಿಮ್ಮಿನಲ್ಲಿರುತ್ತದೆ. ಕೈ ಉಪಕರಣದಿಂದಲೇ ಕಳಚಬಹುದು ನಿಜ, ಆದರೆ ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಸಿಡಿದು ಆಳನ್ನೇ ಕೊಲ್ಲಬಹುದು. ಅದರ ಕೆಲಸ ಕಲಿತವರಿಗೇ ಬಿಡಿ.

ಭಾರದ ಸಂಕೇತ ಓದದೆ ಟೈರ್ ಕೊಳ್ಳಬೇಡಿ. 112 ಎಂದಿದ್ದರೆ ಒಂದು ಟೈರ್ 1,120 ಕೆ.ಜಿ. ಹೊರುತ್ತದೆ, 120 ಎಂದರೆ 1,400. ನೀರು, ಇಂಧನ, ಸಾಮಾನು ತುಂಬಿದ ಮೇಲೆ ಹಿಂದಿನ ಆಕ್ಸಲ್ ತೂಕ ಹಾಕಿಸಿ ಅದಕ್ಕೆ ಹೋಲಿಸಿ. ಎಲ್‌ಟಿ (ಲೈಟ್ ಟ್ರಕ್) ಟೈರಿನ ಪದರಗಳು ದಪ್ಪ, ಅಷ್ಟೇ ಭಾರಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಡುತ್ತದೆ. ಹಗುರ ಜಿಮ್ನಿಯಂಥ ಗಾಡಿಗೆ ಹತ್ತು ಪ್ಲೈ (ಹತ್ತು ಪದರದಷ್ಟು ಗಟ್ಟಿ) ಟೈರ್ ದಂಡ, ಎಷ್ಟು ಗಾಳಿ ಇಳಿಸಿದರೂ ಸರಿಯಾಗಿ ಬಾಗುವುದಿಲ್ಲ.

ಗಾಳಿಯ ಮೊದಲ ಅಂದಾಜು ಹೀಗಿರಲಿ: ಟಾರಿನಲ್ಲಿ ಭಾರದೊಂದಿಗೆ 35–40 ಪಿಎಸ್‌ಐ, ಜಲ್ಲಿಗೆ ಅದರ ಕಾಲುಭಾಗ ಕಡಿಮೆ, ಮರಳಿಗೆ 15–18. ಮರಳಿನ ಗಾಳಿಯಲ್ಲಿ 40 ಕಿ.ಮೀ. ವೇಗ ಮೀರಬೇಡಿ, ಜೋರಾಗಿ ತಿರುಗಿಸಬೇಡಿ, ಬೀಡ್ (ರಿಮ್ಮನ್ನು ಹಿಡಿಯುವ ಟೈರಿನ ಅಂಚು) ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಟ್ಟಿದಾರಿ ಸಿಕ್ಕೊಡನೆ ತುಂಬಿಸಿ. ಒಂದು ಗಂಟೆ ಓಡಿದ ಮೇಲೆ ತಣ್ಣಗಿದ್ದಾಗಿನ ಅಳತೆಗಿಂತ 6 ಪಿಎಸ್‌ಐಗೂ ಹೆಚ್ಚು ಏರಿದ್ದರೆ ಗಾಳಿ ಕಡಿಮೆಯಾಗಿ ಟೈರ್ ಬೇಯುತ್ತಿದೆ ಎಂದು ತಿಳಿಯಿರಿ.

ಉಕ್ಕಿನ ರಿಮ್ ಸೊಟ್ಟಗಾದರೆ ಸುತ್ತಿಗೆಯಿಂದ ಬಡಿದು ಗಾಳಿ ನಿಲ್ಲುವಷ್ಟು ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಅಲ್ಲಿಗೆ ಮುಗಿಯಿತು. ಎರಡರ ನಟ್ ಬೇರೆ ಇರಬಹುದು, ಅಲಾಯ್ ಗಾಡಿಯಲ್ಲಿ ಉಕ್ಕಿನ ಸ್ಟೆಪ್ನಿ ಇದ್ದರೆ ಅದರ ನಟ್‌ಗಳನ್ನೂ ಜೊತೆಗಿಡಿ. ಯಾವ ರಿಮ್ ಹಾಕಿದರೂ 50–100 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಬೇಕು.

ಸ್ಟೆಪ್ನಿ ಎರಡಿರಲಿ, ಎರಡೂ ಅದೇ ಅಳತೆಯವು. ಭಾರ ಉಳಿಸಲು ಎರಡನೆಯದನ್ನು ರಿಮ್ ಇಲ್ಲದೆ ಬರಿ ಟೈರ್ ಆಗಿ ಒಯ್ಯಬಹುದು, ಆಗ ಟೈರ್ ಲಿವರ್, ಬೀಡ್ ಬಿಡಿಸುವ ಸಾಧನ, ಒಂದು ಟ್ಯೂಬ್ ಜೊತೆಗಿರಬೇಕು. ಬೇರೆ ಎತ್ತರದ ಚಕ್ರ ಹಾಕಿ ಗಟ್ಟಿನೆಲದಲ್ಲಿ ಫೋರ್‌ವೀಲ್ ಲಾಕ್ ಮಾಡಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ತಿರುಚಿಕೊಂಡು ಮುರಿಯಬಹುದು.

ದೊಡ್ಡ ಟೈರ್ ಗಾಡಿಯ ಅಡಿಯ ಸ್ಟೆಪ್ನಿ ಗೂಡಿನಲ್ಲಿ ಹಿಡಿಸದೆ ಎಕ್ಸಾಸ್ಟ್ ಪೈಪಿಗೆ ತಾಗುವುದುಂಟು. ಹೊರಡುವ ಮುನ್ನ ಪೂರ್ತಿ ಗಾಳಿ ತುಂಬಿ ಮೇಲೇರಿಸಿ, ಗಾಡಿಗೆ ಸಾಮಾನೆಲ್ಲ ತುಂಬಿದ ಮೇಲೆ ಮತ್ತೊಮ್ಮೆ ಇಳಿಸಿ ನೋಡಿ. ಹಿಂದಿನ ಟೈರ್ ಪಂಕ್ಚರ್ ಆಗಿ ಗಾಡಿ ಕುಸಿದಾಗ ಸ್ಟೆಪ್ನಿ ಹೊರಕ್ಕೆ ಬರಲು ಜಾಗ ಉಳಿಯುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ.