ತಿರುಗಾಟದಲ್ಲೇ ಹುಟ್ಟಿದ ಆಲ್ಬಂ

ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ. ಅಂದ ಕೂಡಲೇ ಎಲ್ಲರೂ 'ಲೂಸಿಂಗ್ ಮೈ ರಿಲಿಜನ್' ಹಾಡು ಅನ್ನುತ್ತಾರೆ. ಸ್ವಲ್ಪ ಜಾಸ್ತಿ ಕೇಳಿದವರು 1992ರ 'ಆಟೊಮ್ಯಾಟಿಕ್ ಫಾರ್ ದಿ ಪೀಪಲ್' ಹೆಸರು ಹೇಳುತ್ತಾರೆ. ಒಳ್ಳೆಯ ಆಲ್ಬಮ್ಮೇ, ತಕರಾರಿಲ್ಲ. ಆದರೆ 1996ರ 'ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ' ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲವಲ್ಲ, ಅದೇ ನನಗೆ ಹೊಟ್ಟೆಯುರಿ. ನನ್ನ ಮಟ್ಟಿಗೆ ಇವರ ಅತಿ ಒಳ್ಳೆಯ ಕೆಲಸ ಇದೇ.

ಅದು ಹುಟ್ಟಿದ್ದೇ ಮಜಾ. 1995ರಲ್ಲಿ 'ಮಾನ್‌ಸ್ಟರ್' ಆಲ್ಬಂ ಹಿಡಿದು ಊರೂರು ಸುತ್ತುವಾಗಲೇ ಹೊಸ ಹಾಡು ಕಟ್ಟಿ ರೆಕಾರ್ಡ್ ಮಾಡಿಕೊಳ್ಳುತ್ತಾ ಹೋದರು. ಕೆಲವು ಜನರ ಎದುರೇ ನುಡಿಸಿದ್ದು, ಕೆಲವು ಜನ ಬರುವ ಮೊದಲು ಸೌಂಡ್ ಚೆಕ್ ಮಾಡುವಾಗ, 'ಜಿದರ್' ಅನ್ನುವ ಪುಟ್ಟ ತುಣುಕಂತೂ ಡ್ರೆಸ್ಸಿಂಗ್ ರೂಮಿನಲ್ಲಿ. ಸಿಯಾಟಲ್‌ನ ಸ್ಟುಡಿಯೋದಲ್ಲಿ ಮಾಡಿದ್ದು ನಾಲ್ಕು ಹಾಡು ಮಾತ್ರ. ಕಾಸರಗೋಡಿನ ಕುಂಬಳೆ ಕಡೆ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗುತ್ತದೆ ಅಲ್ವಾ? ಮೇಳ ತಿರುಗಾಟದಲ್ಲಿರುವಾಗ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಹೊಳೆದದ್ದು ಆ ರಾತ್ರಿಯೇ ರಂಗಸ್ಥಳಕ್ಕೆ ಬಂದ ಹಾಗೆ.

ಆದರೆ ಆ ತಿರುಗಾಟ ಸುಲಭದ್ದಾಗಿರಲಿಲ್ಲ. ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಡ್ರಮ್ಮರ್ ಬಿಲ್ ಬೆರ್ರಿಗೆ ಸ್ಟೇಜಿನ ಮೇಲೆಯೇ ಮೆದುಳಿನ ರಕ್ತನಾಳದ ತೊಂದರೆ ಕಾಣಿಸಿಕೊಂಡು ಆಪರೇಷನ್ ಆಯಿತು. ಆಮೇಲೆ ಬೇಸ್ ಗಿಟಾರಿನ ಮೈಕ್ ಮಿಲ್ಸ್‌ಗೆ ಹೊಟ್ಟೆಯ ಆಪರೇಷನ್, ಹಾಡುವ ಮೈಕಲ್ ಸ್ಟೈಪ್‌ಗೆ ಹರ್ನಿಯಾ. ಗಿಟಾರಿನ ಪೀಟರ್ ಬಕ್ ಒಬ್ಬರೇ ಬಚಾವ್! ಬೆರ್ರಿ ಮೇ ತಿಂಗಳಲ್ಲೇ ವಾಪಸ್ ಬಂದು ಬಾರಿಸಿದರು, 1997ರಲ್ಲಿ ಬ್ಯಾಂಡೇ ಬಿಟ್ಟರು. ಹಾಗಾಗಿ ನಾಲ್ವರೂ ಒಟ್ಟಿಗಿರುವ ಕೊನೆಯ ಆಲ್ಬಂ ಇದು.

ಇನ್ನು 'ಲೀವ್'. ಏಳು ನಿಮಿಷಕ್ಕೂ ಜಾಸ್ತಿ ಇರುವ ಹಾಡು. ಶುರುವಿಗೆ ಗಿಟಾರ್ ಮೆಲ್ಲಗೆ ನುಡಿಯುತ್ತದೆ, ಏನೋ ಶಾಂತವಾದ ಹಾಡು ಅಂದುಕೊಳ್ಳುವಷ್ಟರಲ್ಲಿ ಸೈರನ್‌ನಂಥ ಒಂದು ಸಿಂಥಸೈಜರ್ ಸದ್ದು ಎದ್ದು, ಹಾಡು ಮುಗಿಯುವ ತನಕ ಬಿಡುವುದೇ ಇಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ಓಡುವ ಆಂಬುಲೆನ್ಸ್ ಕಾಸರಗೋಡಿನವರಿಗೆ ದಿನಾ ಕಾಣುವಂಥದ್ದು. ಮೊದಲ ಸಲ ಇದನ್ನು ಬಸ್ಸಿನಲ್ಲಿ ಕೇಳುವಾಗ, ಉಪ್ಪಳದ ಹತ್ತಿರ, ಒಂದು ಬದಿಯ ಇಯರ್‌ಫೋನ್ ತೆಗೆದು ಹಿಂದೆ ಬಗ್ಗಿ ನೋಡಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜನೂ ಸುಮ್ನೆ ನನ್ನ ಜೊತೆ ಬಗ್ಗಿ ನೋಡಿದರು. ಆ ಸದ್ದು ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಆ ಕಿರಿಕಿರಿಯೇ ಬೇಕು, ಎಲ್ಲಿಂದಲೋ ಹೊರಟುಹೋಗಲೇಬೇಕು ಅನ್ನುವವನ ತಲೆಯೊಳಗೆ ಇನ್ನೆಂಥ ಸದ್ದು ಇರುತ್ತದೆ?

'ಇ-ಬೋ ದಿ ಲೆಟರ್' ಹಾಡಿನಲ್ಲಿ ಸ್ಟೈಪ್ ಹಾಡುವುದಕ್ಕಿಂತ ಮಾತಾಡುವುದೇ ಜಾಸ್ತಿ. ಹಿಂದಿನಿಂದ ರಾಕ್ ಗಾಯಕಿ ಪ್ಯಾಟಿ ಸ್ಮಿತ್ ದನಿ ಬರುತ್ತದೆ. ಇ-ಬೋ ಅಂದರೆ ಗಿಟಾರಿನ ತಂತಿಯ ಹತ್ತಿರ ಹಿಡಿದರೆ ಸಾಕು, ಮೀಟದೆಯೇ ನಾದ ಎಳೆದುಕೊಂಡು ಹೋಗುವ ಪುಟ್ಟ ಸಾಧನ. ಇಂಥ ಹಾಡನ್ನು ಆಲ್ಬಮ್ಮಿನ ಮೊದಲ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡುತ್ತಾರಾ ಯಾರಾದರೂ! ಅಮೆರಿಕದಲ್ಲಿ ಅದು ಓಡಲಿಲ್ಲ, ಆಲ್ಬಂ ಮೂಲೆ ಸೇರಲು ಅದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಕೊರತೆ ಇಲ್ಲ ಅಂತಲ್ಲ. 14 ಹಾಡು, ಒಂದು ಗಂಟೆಗೂ ಮೇಲೆ. 'ಬಿಂಕಿ ದಿ ಡೋರ್‌ಮ್ಯಾಟ್' ಬಂದಾಗ ನಾನು ಮುಂದಿನದಕ್ಕೆ ಹಾರುತ್ತೇನೆ. ಆದರೆ ಕೊನೆಯ 'ಎಲೆಕ್ಟ್ರೊಲೈಟ್' ಬಿಡಬೇಡಿ, ಆ ಪಿಯಾನೋ ಒಂದಕ್ಕೇ ಗಂಟೆ ಹೊತ್ತು ಕೂರಬಹುದು. ಇನ್ನೊಂದು ಮಾತು, ಮೊದಲ ಹಾಡು ಸ್ವಲ್ಪ ಎಳೆದಾಡುತ್ತದೆ, ಅಲ್ಲೇ ಆಫ್ ಮಾಡಿದ ಗೆಳೆಯರು ನನಗೇ ಇದ್ದಾರೆ. ಎರಡನೆಯ 'ದಿ ವೇಕ್-ಅಪ್ ಬಾಂಬ್' ತನಕ ತಡೆದುಕೊಳ್ಳಿ, ಆಮೇಲೂ ಹಿಡಿಸದಿದ್ದರೆ ಬಂದು ಬೈಯಿರಿ.