ರಬ್ಬರ್ ಬಲ್ಬ್ ಗಟ್ಟಿಯಾಗಲೇ ಇಲ್ಲ

ಇಪ್ಪತ್ತೈದು ಸಲ ಎಳೆಯುವವರೆಗೆ ಲೆಕ್ಕ ಇಟ್ಟಿದ್ದೆ. ಆಮೇಲೆ ಬಿಟ್ಟೆ. ದೋಣಿಯ ಹಿಂದೆ ಕೂತಿದ್ದ ನನ್ನ 6 ಎಚ್‌ಪಿ ಮೋಟಾರು ಒಂದು ಸಲ ಕೆಮ್ಮಲೂ ಇಲ್ಲ. ಹಗ್ಗ ಎಳೆದು ಎಳೆದು ಬಲ ಹೆಗಲು ಮಾತ್ರ ಚೆನ್ನಾಗಿ ಬಿಸಿಯಾಗಿತ್ತು.

ತಪ್ಪು ನನ್ನದೇ. ನಾಲ್ಕು ತಿಂಗಳು ಅದನ್ನು ಮುಟ್ಟಿರಲಿಲ್ಲ. ನಿಲ್ಲಿಸಿಡುವಾಗ ಕಾರ್ಬುರೇಟರಿನ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗದ, ಪೆಟ್ರೋಲ್ ಖಾಲಿ ಮಾಡಿರಲಿಲ್ಲ. ಟ್ಯಾಂಕಿನಲ್ಲೂ ಅರ್ಧ ಹಾಗೇ ಬಿಟ್ಟಿದ್ದೆ. ಮುನಿಸಿಕೊಳ್ಳಲು ಅದಕ್ಕೆ ಕಾರಣ ಬೇಕಾದಷ್ಟಿತ್ತು ಅನ್ನಿ. ದಂಡೆಯ ಮೇಲೆ ಕೂತಿದ್ದ ಭಾವ, "ಪೆಟ್ರೋಲ್ ಇದೆಯಾ?" ಅಂತ ಕೇಳಿದರು. ಎರಡನೇ ಸಲ.

ಮೊದಲು ನಾಚಿಕೆಯಾಗುವಂಥ ಕಾರಣಗಳನ್ನೇ ನೋಡಿಬಿಡಬೇಕು. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಕೆಂಪು ಕ್ಲಿಪ್ ಜಾಗದಲ್ಲಿದೆಯಾ? ಅದಿಲ್ಲದಿದ್ದರೆ ಕಿಡಿಯೇ ಬರುವುದಿಲ್ಲ. ಹಿಂದೊಮ್ಮೆ ಅದು ನನ್ನ ಜೇಬಿನಲ್ಲೇ ಇತ್ತು, ನಾನು ಮುಕ್ಕಾಲು ಗಂಟೆ ಹಗ್ಗ ಎಳೆದಿದ್ದೆ. ಈ ಸಲ ಇತ್ತು. ಗೇರ್ ನ್ಯೂಟ್ರಲ್‌ನಲ್ಲಿತ್ತು. ಇಲ್ಲದಿದ್ದರೆ ನನ್ನ ಮೋಟಾರಿನಲ್ಲಿ ಹಗ್ಗವೇ ಬರುವುದಿಲ್ಲ, ಲಾಕ್ ಆಗಿರುತ್ತದೆ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದಿತ್ತು. ಅದು ಮುಚ್ಚಿದ್ದರೆ ಪೆಟ್ರೋಲ್ ಹೊರಗೆ ಹೋದ ಜಾಗಕ್ಕೆ ಗಾಳಿ ಬರುವುದಿಲ್ಲ. ಪೈಪಿನ ಮಧ್ಯೆ ಇರುವ, ಕೈಯಲ್ಲಿ ಅದುಮಿ ಪೆಟ್ರೋಲನ್ನು ಮೋಟಾರಿಗೆ ತಳ್ಳುವ ರಬ್ಬರ್ ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿ ಕೂತುಬಿಡುತ್ತದೆ.

ಎಲ್ಲ ಸರಿ ಇದೆ ಅಂದಮೇಲೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಒಂದೇ ಸಿಲಿಂಡರ್, ಒಂದೇ ಪ್ಲಗ್. ಒಳಗೇನಾಗುತ್ತಿದೆ ಅಂತ ಹೊರಗೆ ಬಂದು ಹೇಳುವ ಸಾಮಾನು ಅದೊಂದೇ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಅಥವಾ ಚೋಕ್ ಜಾಸ್ತಿಯಾಗಿ, ಒಳಗೆ ಪೆಟ್ರೋಲ್ ತುಂಬಿಕೊಂಡು ಫ್ಲಡ್ ಆಗಿದೆ. ಆಗ ಕಿಲ್ ಕ್ಲಿಪ್ ತೆಗೆದು, ಚೋಕ್ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಇಲ್ಲದೇ ನಾಲ್ಕೈದು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲ್ ಹೊರಗೆ ಬರುತ್ತದೆ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ.

ನನ್ನ ಪ್ಲಗ್ ಒಣಕಲು. ಬೆರಳಿಗೆ ಉಜ್ಜಿದರೆ ಬರೀ ಕಪ್ಪು ಪುಡಿ, ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆಯೂ ಇಲ್ಲ. ಕಿಡಿಯನ್ನೂ ನೋಡಿದೆ. ಅದಕ್ಕೆ ಮುಂಚೆ ಸುತ್ತ ಚೆಲ್ಲಿದ್ದ ಪೆಟ್ರೋಲ್ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂತಿರುತ್ತದೆ. ಪ್ಲಗ್‌ಗೆ ಕ್ಯಾಪ್ ಹಾಕಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದೆ. ಟಿಕ್ ಅಂತ ನೀಲಿ ಕಿಡಿ.

ಇಲ್ಲಿವರೆಗೆ ಬುದ್ಧಿವಂತನ ಹಾಗೇ ನಡೆದುಕೊಂಡೆ. ಆಮೇಲೆ ಏನು ಮಾಡಿದೆ ಅಂದರೆ, ಸೀದಾ ಕಾರ್ಬುರೇಟರಿಗೆ ಕೈ ಹಾಕಿದೆ. ನಿಜ ಹೇಳಬೇಕೆಂದರೆ ಅದನ್ನು ಬಿಚ್ಚುವುದು ನನಗೆ ಇಷ್ಟ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಪೆಟ್ರೋಲ್ ಬರುತ್ತಿದೆಯೇ ಅಂತ ನೋಡಲೇ ಇಲ್ಲ.

ಅಲ್ಲೂ ಗಲೀಜು ಇತ್ತು, ಅದೇ ನನ್ನನ್ನು ದಾರಿ ತಪ್ಪಿಸಿದ್ದು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದರೆ ಮಬ್ಬಾದ ಪೆಟ್ರೋಲ್ ಬಂತು. ತಳದಲ್ಲಿ ಒಂದು ಗುಂಡನೆಯ ಹನಿ, ಲೋಟ ಓರೆ ಮಾಡಿದರೆ ಪಾದರಸದ ಹಾಗೆ ಉರುಳುತ್ತಿತ್ತು. ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ ಅಲ್ವಾ, ಅದು ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪ್ ಎಳೆಯುವುದೂ ತಳದಿಂದಲೇ. ಅಂದರೆ ಮೋಟಾರಿಗೆ ಮೊದಲ ಗುಟುಕೇ ಅದು.

ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತಿರುಪು, ಪೈಲಟ್ ಜೆಟ್, ಬಿಚ್ಚಿ ಬೆಳಕಿಗೆ ಹಿಡಿದೆ. ಆಚೆ ಕಾಣಬೇಕಾದ ಸೂಜಿಮೊನೆಯಂಥ ತೂತು ಕಾಣಲಿಲ್ಲ. ಕಂದು ಬಣ್ಣದ ಅಂಟು ತುಂಬಿತ್ತು. ಕಾರ್ಬ್ ಕ್ಲೀನರ್ ಹೊಡೆದು, ಹಳೇ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ಕಿತ್ತು ನಿಧಾನಕ್ಕೆ ತೂರಿಸಿದೆ. ಜೆಟ್‌ಗೆ ತಂತಿ ಹಾಕಲೇಬಾರದು, ತೂತು ದೊಡ್ಡದಾಗುತ್ತದೆ ಅನ್ನುವವರಿದ್ದಾರೆ. ಉಕ್ಕಿನ ತಂತಿಯಾದರೆ ಅವರ ಮಾತು ಸರಿ. ತಾಮ್ರದ ಎಳೆಗೆ ನಾನು ಹೆದರುವುದಿಲ್ಲ. ಟ್ಯಾಂಕಿನ ಹಳೇ ಪೆಟ್ರೋಲನ್ನು ಕ್ಯಾನಿಗೆ ತೆಗೆದಿಟ್ಟು ಹೊಸದು ತುಂಬಿಸಿದೆ. ಎಲ್ಲ ಜೋಡಿಸಿ ಹಗ್ಗ ಎಳೆದೆ.

ಎರಡು ಸಲ ಕೆಮ್ಮಿತು. ನಿಂತಿತು. ಮತ್ತೆ ಎಳೆದೆ, ಸುಮ್ನೆ ಕೂತಿತು.

ಆಗ ಹೊಳೆಯಿತು. ಬೆಳಗಿನಿಂದ ಆ ರಬ್ಬರ್ ಬಲ್ಬನ್ನು ಕಡಿಮೆ ಅಂದರೂ ನೂರು ಸಲ ಅದುಮಿದ್ದೇನೆ. ಒಂದು ಸಲವೂ ಅದು ಗಟ್ಟಿಯಾಗಿಲ್ಲ. ಬಾಣದ ಗುರುತು ಮೋಟಾರಿನ ಕಡೆ, ಮೇಲಕ್ಕೆ ಬರುವ ಹಾಗೆ ಹಿಡಿದು ಅದುಮಿದರೆ ಏಳೆಂಟು ಸಲಕ್ಕೆ ಅದು ಕಲ್ಲಿನ ಹಾಗಾಗಬೇಕು. ಬೌಲ್ ತುಂಬಿ, ಅದಕ್ಕೆ ಪೆಟ್ರೋಲ್ ಬಿಡುವ ದಾರಿಯನ್ನು ಸೂಜಿ ಮುಚ್ಚಿಕೊಂಡಿದೆ ಅಂತ ಅದರ ಅರ್ಥ. ನನ್ನದು ಹಳೇ ಟೆನಿಸ್ ಚೆಂಡಿನ ಹಾಗೆ ಮೆತ್ತಗೇ ಇತ್ತು. ನನ್ನ ಕೈ ಅದುಮುತ್ತಲೇ ಇತ್ತು, ತಲೆ ಕಾರ್ಬುರೇಟರಿನಲ್ಲಿತ್ತು.

ಪೈಪಿನುದ್ದಕ್ಕೂ ಬೆರಳಾಡಿಸಿದೆ. ಎಲ್ಲೂ ಒದ್ದೆಯಿಲ್ಲ, ಒಂದು ಹನಿಯೂ ಸೋರುತ್ತಿಲ್ಲ. ಸೋರುವುದಾದರೂ ಹೇಗೆ? ಬಲ್ಬಿನಿಂದ ಆಚೆ, ಮೋಟಾರಿನ ಕಡೆ ಬಿರುಕಿದ್ದರೆ ಅದುಮಿದಾಗ ಪೆಟ್ರೋಲ್ ಹೊರಗೆ ಬರುತ್ತದೆ. ಬಲ್ಬಿನಿಂದ ಈಚೆ, ಟ್ಯಾಂಕಿನ ಕಡೆ ಇರುವುದು ಎಳೆಯುವ ಭಾಗ. ಅಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟ್ಯಾಂಕಿನ ಕಡೆಯ ಕನೆಕ್ಟರ್ ಕಳಚಿ ಒಳಗೆ ಇಣುಕಿದೆ. ಕಿರುಬೆರಳ ಉಗುರಿಗಿಂತ ಸಣ್ಣ ಓ ರಿಂಗ್, ಸಂದಿನಲ್ಲಿ ಗಾಳಿ ಹೋಗದಂತೆ ತಡೆಯುವ ರಬ್ಬರ್ ಬಳೆ. ಒಣಗಿ ಬಿರುಸಾಗಿ ಒಂದು ಕಡೆ ಸೀಳಿತ್ತು. ನಂಬಿಕೆ ಬರಲಿಲ್ಲ. ಸುತ್ತ ಸ್ವಲ್ಪ ಗ್ರೀಸ್ ಮೆತ್ತಿ ಕನೆಕ್ಟರ್ ಸಿಕ್ಕಿಸಿ ಬಲ್ಬ್ ಅದುಮಿದೆ.

ಐದು, ಆರು, ಏಳು. ಕಲ್ಲಿನ ಹಾಗಾಯಿತು.

ಗ್ರೀಸನ್ನು ನಂಬಿಕೊಂಡು ನೀರಿಗೆ ಇಳಿಯುವಂತಿಲ್ಲ. ಡಬ್ಬಿಯಲ್ಲಿದ್ದ ಹೊಸ ರಿಂಗ್ ಹಾಕಿದೆ. ಪೆಟ್ರೋಲ್ ತಡೆಯುವ ರಬ್ಬರಿನದೇ ಆಗಬೇಕು, ಮನೆಯ ನಲ್ಲಿಯ ವಾಷರ್ ಹಾಕಿದರೆ ಉಬ್ಬಿಹೋಗುತ್ತದೆ. ಚೋಕ್ ಎಳೆದು ಹಗ್ಗ ಎಳೆದೆ. ಮೂರನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು.

ಆದರೆ ಮೋಟಾರಿನ ಹಿಂಭಾಗದ ಸಣ್ಣ ತೂತಿನಿಂದ ನೀರಿನ ಧಾರೆ ಬರಲಿಲ್ಲ. ಇಂಜಿನ್ ತಣ್ಣಗಿಡುವ ನೀರು ಓಡಾಡುತ್ತಿದೆ ಅಂತ ತೋರಿಸುವ ಧಾರೆ ಅದು. ಆ ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ರೆಕ್ಕೆಗಳೂ ಸುಡುತ್ತವೆ, ಇಂಜಿನ್ನೂ ಸುಡುತ್ತದೆ. ತಕ್ಷಣ ನಿಲ್ಲಿಸಿದೆ. ತೂತಿನೊಳಗೆ ತಂತಿ ತೂರಿಸಿ ಕೆದಕಿದರೆ ಒಣ ಮಣ್ಣು ಉದುರಿತು. ನಾಲ್ಕು ತಿಂಗಳಲ್ಲಿ ಯಾವುದೋ ಕಣಜ ಅಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಬಿಟ್ಟೂ ಹೋಗಿತ್ತು.

ಮತ್ತೆ ಸ್ಟಾರ್ಟ್ ಮಾಡಿದೆ. ಮೊದಲು ಕೆಸರು ಉಗುಳಿತು, ಆಮೇಲೆ ತೆಳ್ಳಗೆ ಬಿಳಿ ಧಾರೆ. ಭಾವ ಎದ್ದು ಬಂದು ಧಾರೆಗೆ ಕೈಯೊಡ್ಡಿ, "ಬೆಚ್ಚಗಿದೆ" ಅಂದರು. ದೋಣಿಗೆ ಒಂದು ಕಾಲಿಟ್ಟು ಮತ್ತೆ ನಿಂತರು.

"ಪೆಟ್ರೋಲ್ ಇದೆ ತಾನೇ?"