ಹೆಂಪ್‌ಸ್ಟೆಡ್ ದಾಟುವಾಗ

ಇವತ್ತು ಹ್ಯೂಸ್ಟನ್‌ನಿಂದ 290 ಹೆದ್ದಾರಿಯಲ್ಲಿ ಬರ್ತಾ ಹೆಂಪ್‌ಸ್ಟೆಡ್ ಬೋರ್ಡು ಕಂಡಿತು. ಎದೆ ಭಾರವಾಯಿತು. ವಾಲರ್ ಕೌಂಟಿ ಜೈಲು ಇರೋದು ಇದೇ ಊರಲ್ಲಿ. 2015ರ ಜುಲೈ 13ರಂದು ಸ್ಯಾಂಡ್ರಾ ಬ್ಲ್ಯಾಂಡ್ ಎಂಬ ಕಪ್ಪು ಮಹಿಳೆ ತೀರಿಕೊಂಡದ್ದು ಅಲ್ಲೇ. ವಯಸ್ಸು 28. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಲಿಲ್ಲ ಅಂತ ಪೊಲೀಸರು ಕಾರು ತಡೆದದ್ದರಿಂದ ಶುರುವಾದದ್ದು, ಬಂಧನವಾಗಿ, ಮೂರೇ ದಿನಕ್ಕೆ ಸೆಲ್‌ನಲ್ಲಿ ಮುಗಿದುಹೋಯಿತು. ಆತ್ಮಹತ್ಯೆ ಎಂದು ದಾಖಲಾಯಿತು. ಜಾಮೀನಿನ ಮೇಲೆ ಬಿಡಿಸಿಕೊಳ್ಳಲು ಬೇಕಿದ್ದದ್ದು ಸುಮಾರು 500 ಡಾಲರ್.

ನನ್ನನ್ನು ಕಾಡೋದು ಆ ಫಾರಂ. ಜೈಲಿಗೆ ಸೇರಿಸಿಕೊಳ್ಳುವಾಗ ತುಂಬಿಸಿದ್ದು. ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದರು ಅನ್ನೋದು ಅದರಲ್ಲೇ ಇತ್ತು. ಅದನ್ನು ಓದಿದವರು ಏನು ಮಾಡಿದರು? ಗಂಟೆಗೊಮ್ಮೆಯಾದರೂ ಖುದ್ದು ಹೋಗಿ ಕೈದಿಗಳನ್ನು ನೋಡಬೇಕೆಂಬ ನಿಯಮವನ್ನೂ ಪಾಲಿಸಿರಲಿಲ್ಲ ಎಂದು ಟೆಕ್ಸಸ್‌ನ ಜೈಲು ಮಾನದಂಡ ಆಯೋಗವೇ ಹೇಳಿತು.

2017ರಲ್ಲಿ ಟೆಕ್ಸಸ್‌ನಲ್ಲಿ ಸ್ಯಾಂಡ್ರಾ ಹೆಸರಲ್ಲೇ ಕಾನೂನು ಬಂತು. ಜೈಲಲ್ಲಿ ಸಾವಾದರೆ ಹೊರಗಿನ ಸಂಸ್ಥೆ ತನಿಖೆ ಮಾಡಬೇಕು, ಮಾನಸಿಕ ಆರೋಗ್ಯ ತಜ್ಞರು ಹಗಲೂ ರಾತ್ರಿ ವಿಡಿಯೊದಲ್ಲಾದರೂ ಸಿಗಬೇಕು, ಸಿಬ್ಬಂದಿ ಸುತ್ತು ಬಂದದ್ದಕ್ಕೆ ಸೆನ್ಸರ್ ಅಥವಾ ಕ್ಯಾಮೆರಾ ಸಾಕ್ಷಿ ಬೇಕು. ಒಳ್ಳೆಯದೇ ಆಯಿತು. ಆದರೂ, ಬಾಗಿಲ ತನಕ ಹೋದ ಹೊತ್ತು ದಾಖಲಾಗುತ್ತೆ. ಒಳಗಿದ್ದವರ ಮುಖ ನೋಡಿ ಮಾತಾಡಿಸಿದರಾ ಅನ್ನೋದು ಯಾವ ಸೆನ್ಸರಿಗೆ ಗೊತ್ತಾಗುತ್ತೆ?

ಸ್ಯಾಂಡ್ರಾ ಇಲಿನಾಯ್‌ನಿಂದ ಅಷ್ಟು ದೂರ ಬಂದದ್ದು ಹೊಸ ಕೆಲಸಕ್ಕೆ. ತಾವೇ ಓದಿದ್ದ ಪ್ರೈರೀ ವ್ಯೂ ವಿಶ್ವವಿದ್ಯಾಲಯದಲ್ಲಿ.